ಹೆಸರಿಗೆ ಬಂದ ಪಾಳಿ

ನಮ್ಮ ಮನೆಯಲ್ಲಿ ವೀಸಾ ಅನ್ನುವ ಮಾತು ಹುಟ್ಟಿದ ವಾರದಲ್ಲೇ ಅಂಗಳದಲ್ಲಿ ರಕ್ತ ಬಿತ್ತು. ಅದರಲ್ಲಿ ವೀಸಾದ ತಪ್ಪೇನಿಲ್ಲ. ನೀರಿಗಾಗಿ ಬಡಿದಾಡಿಕೊಂಡೇ ಬಂದ ಮನೆ ನಮ್ಮದು. ಬಡಿದಾಡಲು ಹೊಸದೊಂದು ಕಾರಣ ಸಿಕ್ಕಿತ್ತು, ಅಷ್ಟೇ.

ಕಂಪ್ಲಿಯ ಹತ್ತಿರ, ಕಾಲುವೆ ಮುಗಿಯುವ ಕಡೆ ನಮ್ಮ ಗದ್ದೆ. ಮೇಲಿನವರು ಭತ್ತ, ಕಬ್ಬು, ಬಾಳೆ ಎಲ್ಲಕ್ಕೂ ಹಾಯಿಸಿಕೊಂಡು ಮಿಕ್ಕಿದ್ದು ನಮಗೆ. ಮಿಕ್ಕಿದ್ದಕ್ಕೆ ಕಿತ್ತಾಟ ಬೇಡವೆಂದು ಹಿರಿಯರು ಪಾಳಿ ಕಟ್ಟಿದ್ದರು. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಇಂಥ ಮನೆಗೆ ತೂಬಿನ ನೀರು. ಪಾಳಿ ಬಂದವನು ತನ್ನ ಸಲಿಕೆಯನ್ನು ತೂಬಿನ ಪಕ್ಕದ ಬದುವಿಗೆ ಹೊಡೆದು ನಿಲ್ಲಿಸುತ್ತಿದ್ದ. ಅದು ನಿಂತಿರುವ ತನಕ ನೀರು ಅವನದು. ಪಾಳಿ ಮುಗಿದ ಮೇಲೆ ಅವನೇ ಕಿತ್ತುಕೊಂಡು ಹೋಗಬೇಕು. ಬೇರೆ ಯಾರಾದರೂ ಕಿತ್ತರೆ ಹೊಡೆದಾಟಕ್ಕೆ ಕರೆದಂತೆ. ಇನ್ನೊಂದು ಮಾತೂ ಇತ್ತು: ಪಾಳಿ ಮನೆಯದು, ಮನುಷ್ಯನದಲ್ಲ. ಅಪ್ಪನಿಗೆ ಜ್ವರ ಬಂದರೆ ಅಣ್ಣ ಹೋಗುತ್ತಿದ್ದ, ಅಣ್ಣ ಕುಸ್ತಿಗೆ ಹೋಗಿದ್ದರೆ ಅಪ್ಪ. ಹೆಂಗಸರು ಮಾತ್ರ ಸಲಿಕೆ ಮುಟ್ಟುವಂತಿರಲಿಲ್ಲ. ಬುತ್ತಿ ಕೊಡಲು ಹೋದಾಗಲೂ ನಿಂತ ಸಲಿಕೆಯನ್ನು ಸುತ್ತು ಹಾಕಿಕೊಂಡೇ ದಾಟಬೇಕಿತ್ತು.

ನಾನು ಸಣ್ಣವಳಿದ್ದಾಗ ಅಪ್ಪನ ಸಲಿಕೆಯನ್ನು ದೊಡ್ಡಪ್ಪ ಕಿತ್ತ. ಅಪ್ಪನ ಒಡಹುಟ್ಟಿದ ಅಣ್ಣ. ಪಾಲಾದ ಮೇಲೆ ಅವರಿಬ್ಬರ ಪಾಳಿ ಒಂದರ ಹಿಂದೆ ಒಂದು ಬರುತ್ತಿತ್ತು. ಅಪ್ಪನದು ಮುಗಿಯುವ ತನಕ ಕಾಯಲು ದೊಡ್ಡಪ್ಪನಿಗೆ ತಾಳ್ಮೆ ಇರಲಿಲ್ಲ. ಅಪ್ಪನ ಅರ್ಧ ಕಿವಿ ಹೋಯಿತು, ದೊಡ್ಡಪ್ಪನ ಎರಡು ಬೆರಳು ಹೋದವು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅವ್ವ ಅತ್ತಳು. ಅಪ್ಪ ಕಿವಿಗೆ ಅರಿಶಿನ ಮೆತ್ತಿಕೊಂಡು ಗೋಡೆಗೆ ಒರಗಿ ಕೂತು, "ಕಿವಿ ಹೋದ್ರ ಹೋತು, ನೀರು ಬಿಡಲಿಲ್ಲ" ಅಂದ. ಅವನ ಮುಖದಲ್ಲಿ ನಿಜವಾಗಿಯೂ ಸಮಾಧಾನ ಇತ್ತು. ನನಗೆ ಆ ಸಮಾಧಾನ ನೋಡಿಯೇ ಹೆಚ್ಚು ಹೆದರಿಕೆಯಾಯಿತು.

ಇಂಥ ಊರಲ್ಲಿ ಹುಟ್ಟಿದವಳು ನರ್ಸ್ ಆಗದೆ ಇನ್ನೇನಾಗಬೇಕು? ಬಳ್ಳಾರಿಯಲ್ಲಿ ಕಲಿತೆ. ಸಂಡೂರಿನಲ್ಲಿ ಗಣಿ ಕೆಲಸದವರು ಬರುವ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಅದೇ: ಜಜ್ಜಿದ ಕಾಲು, ಕಲ್ಲು ಸಿಡಿದು ಒಡೆದ ಹಣೆ, ಲಾರಿ ಸಾಲಿನಲ್ಲಿ ಯಾರು ಮುಂದೆ ಎಂದು ಜಗಳವಾಡಿ ಜಾಕಿನ ರಾಡಿನಲ್ಲಿ ಹೊಡೆದುಕೊಂಡು ಬಂದ ಡ್ರೈವರುಗಳು. ಅವರ ಗಾಯದಲ್ಲಿ ಕೆಂಪು ಧೂಳು ಸೇರಿ, ರಕ್ತ ಯಾವುದು ಅದಿರು ಯಾವುದು ತಿಳಿಯುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಬಂದರೆ ಸೂಜಿ ದಾರದ ಡಬ್ಬಿ ನನ್ನ ಜೊತೆಗೇ ಬರುತ್ತಿತ್ತು. ಸಲಿಕೆ ಏಟು ತಿಂದವರು ಠಾಣೆಗೆ ಹೋಗುವ ಬದಲು ನಮ್ಮ ಕಟ್ಟೆಗೆ ಬರುತ್ತಿದ್ದರು. ನಾನು ಬೈಯುತ್ತಲೇ ಹೊಲಿಯುತ್ತಿದ್ದೆ. ನನ್ನ ಬಾಯಿ ಸೂಜಿಗಿಂತ ಚೂಪು ಎಂದು ಊರಲ್ಲಿ ಹೆಸರಾಗಿತ್ತು.

ಎಂಬತ್ತರ ದಶಕದ ನಡುವಿನ ಒಂದು ವರ್ಷ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಬೆಂಗಳೂರಿಗೆ ಹೋಗಿ ಸಂದರ್ಶನ ಕೊಟ್ಟು ಬಂದೆ. ಗಲ್ಫಿನ ಒಂದು ದೇಶದ ಸರ್ಕಾರಿ ಆಸ್ಪತ್ರೆಗೆ ನರ್ಸ್ ಬೇಕಾಗಿತ್ತು. ನಮ್ಮೂರಿಗೆ ಆ ಕಡೆಯ ದೇಶಗಳೆಲ್ಲ ಒಂದೇ, ದುಬೈ. ಆಯ್ಕೆಯಾಯಿತು, ಪಾಸ್‌ಪೋರ್ಟಿಗೆ ವೀಸಾ ಹೊಡೆದು ಬಂತು. ಅದನ್ನು ಹಿಡಿದುಕೊಂಡು ಊರಿಗೆ ಬಂದು, ಉಣ್ಣುತ್ತಿದ್ದ ಅಪ್ಪನ ಮುಂದೆ ತೆರೆದು ತೋರಿಸಿದೆ.

ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಎಷ್ಟು ವರ್ಷದ ಪಾಳಿ?" ಅಂದ.

"ಎರಡು ವರ್ಷದ್ದು."

ಅಷ್ಟೇ ಮಾತು. ಆದರೆ ವೀಸಾಕ್ಕೆ ನಮ್ಮ ಮನೆಯಲ್ಲಿ ಆಗಲೇ ಹೆಸರಿಟ್ಟಾಗಿತ್ತು. ಪಾಳಿ ಅಂದ ಮೇಲೆ ಅದು ಮನೆಗೆ ಬಂದದ್ದು. ಮನೆಗೆ ಬಂದದ್ದು ಗಂಡುಮಗನಿಗೆ ಮೊದಲು.

ಅಣ್ಣ ಟ್ರ್ಯಾಕ್ಟರಿನಲ್ಲಿ ಹೊಸಪೇಟೆಯ ಫ್ಯಾಕ್ಟರಿಗೆ ಕಬ್ಬು ಸಾಗಿಸುತ್ತಿದ್ದ. ಎದೆ ಅಗಲ, ತಲೆ ಕಿರಿದು ಎಂದು ಅವ್ವನೇ ಹೇಳುತ್ತಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಅಂದು ಊಟದ ನಡುವೆಯೇ ಹೇಳಿದ: "ಹೆಣ್ಮಗಳು ನಾಳೆ ಬ್ಯಾರೆ ಮನಿಗೆ ಹೋಗಾಕಿ. ಈ ಪಾಳಿ ನಮ್ಮ ಮನ್ಯಾಗ ಇರಬೇಕು. ದುಬೈಗೆ ನಾನು ಹೋಗ್ತೀನಿ."

"ಹೋಗಪ್ಪ" ಅಂದೆ. "ಬಿಳಿ ಸೀರಿ ಉಟ್ಕೊಂಡು ಹೋಗು. ಅರಬ್ಬರ ಹೆಂಗಸರಿಗೆ ಹೆರಿಗಿ ಮಾಡಸು."

ತಟ್ಟೆ ಗೋಡೆಗೆ ಬಡಿಯಿತು, ಅವನ ಕೈ ನನ್ನ ಕೆನ್ನೆಗೆ. ಕಿವಿಯಲ್ಲಿ ಬಹಳ ಹೊತ್ತು ಗುಯ್ ಎಂದಿತು. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ಹೊಡೆತಕ್ಕಿಂತ ಅದು ನನಗೆ ನೋವು ಮಾಡಿತು, ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಮರುದಿನ ಎದ್ದು ನೋಡಿದರೆ ಪಾಸ್‌ಪೋರ್ಟ್ ಇಲ್ಲ, ಅಣ್ಣನೂ ಇಲ್ಲ. ಎಲ್ಲಿಗೆ ಹೋಗಿರುತ್ತಾನೆ ಎಂದು ತಿಳಿಯಲು ಶಾಸ್ತ್ರ ಕೇಳಬೇಕಿರಲಿಲ್ಲ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಜನರನ್ನು ಗಲ್ಫಿಗೆ ಕಳಿಸುವ ಏಜೆಂಟ್ ಒಬ್ಬನಿದ್ದ. ಮುಂದಿನ ಬಸ್ಸು ಹಿಡಿದು ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಅಣ್ಣ ಅವನ ಮೇಜಿನ ಮುಂದೆ ಕೂತಿದ್ದ.

"ಬರ್ರಿ, ಕುಂದ್ರಿ" ಎಂದು ಏಜೆಂಟ್ ನನಗೂ ಕುರ್ಚಿ ತೋರಿಸಿದ. ಪಾಸ್‌ಪೋರ್ಟಿನ ಫೋಟೋ ನೋಡಿದ, ನನ್ನ ಮುಖ ನೋಡಿದ, ಅಣ್ಣನ ಮೀಸೆ ನೋಡಿದ.

"ಇದನ್ನ ನನ್ನ ಹೆಸರಿಗೆ ಬದಲು ಮಾಡ್ರಿ" ಅಂದ ಅಣ್ಣ. "ಮನಿ ಒಂದೇ ಐತಿ. ಅಪ್ಪನ ಸಹಿ ಬೇಕಂದ್ರ ಹಾಕಸ್ಕೊಂಡು ಬರ್ತೀನಿ."

ಏಜೆಂಟ್ ನಕ್ಕ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅವನ ಜೊತೆ ಕೋಣೆಯಲ್ಲಿದ್ದ ಇಬ್ಬರು ಆಳುಗಳೂ ನಕ್ಕರು. ನಮ್ಮ ಅಣ್ಣ ಏನು ಬೇಕಾದರೂ ತಡೆದುಕೊಂಡಾನು, ನಗುವುದನ್ನಲ್ಲ. ಪಾಸ್‌ಪೋರ್ಟ್ ಕಿತ್ತುಕೊಂಡು ಜೇಬಿಗೆ ತುರುಕಿ, ಏಜೆಂಟನ ಕಾಲರ್ ಹಿಡಿದು ಮೇಜಿನ ಮೇಲಿಂದ ಈಚೆಗೆ ಎಳೆದ. ಗಾಜು ಒಡೆಯಿತು, ಮಸಿ ಚೆಲ್ಲಿತು, ಏಜೆಂಟನ ತುಟಿ ಸೀಳಿತು. ಆಳುಗಳಿಬ್ಬರು ಅಣ್ಣನನ್ನು ಹಿಡಿದು ಸೊಂಟಕ್ಕೆ ಒದ್ದರು, ಒದೆಯುತ್ತಲೇ ಬಾಗಿಲಿಗೆ ಒಯ್ದರು, ಮೆಟ್ಟಿಲಿನಿಂದ ಕೆಳಕ್ಕೆ ನೂಕಿದರು. ಅವನು ಉರುಳಿದ ಸದ್ದಿಗೆ ಬಟ್ಟೆ ಅಂಗಡಿಯವರು ಹೊರಗೆ ಬಂದು ನಿಂತರು.

ಏಜೆಂಟ್ ವ್ಯಾಪಾರಸ್ಥ. ತುಟಿ ಒರೆಸಿಕೊಳ್ಳುತ್ತಲೇ ಬಾಗಿಲಿಗೆ ಬಂದು ಕೆಳಗೆ ಬಿದ್ದವನಿಗೆ ಕೂಗಿ ಹೇಳಿದ: "ಮನಿ ಡ್ರೈವರ್ ವೀಸಾ ಐತಿ, ಕಂಪನಿ ವೀಸಾ ಐತಿ, ಆಜಾದ್ ವೀಸಾ ಐತಿ. ಯಾವುದು ಬೇಕು ನೋಡ್ಕೋರಿ. ತಂಗಿದು ಮಾತ್ರ ಆಗಂಗಿಲ್ಲ."

ಅಣ್ಣ ಎದ್ದು, ಯಾರ ಮುಖವನ್ನೂ ನೋಡದೆ, ಕುಂಟುತ್ತ ನಡೆದ. ಮಾನ ಹೋದದ್ದು ತಂಗಿಯ ಕಣ್ಣೆದುರು. ಆ ಸಿಟ್ಟು ಯಾರ ಮೇಲೆ ತಿರುಗುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಿಂದೆಯೇ ಹೋದೆ. ಪಾಸ್‌ಪೋರ್ಟ್ ಅವನ ಜೇಬಿನಲ್ಲಿತ್ತು. ಆದರೆ ಅವನು ಯಾವುದೋ ಕಬ್ಬಿನ ಲಾರಿ ಹತ್ತಿಬಿಟ್ಟ, ನಾನು ಬಸ್ಸಿಗೆ ಕಾಯಬೇಕಾಯಿತು.

ಮನೆ ಮುಟ್ಟಿದಾಗ ಬಿಸಿಲು ಇನ್ನೂ ಇತ್ತು. ಅವ್ವ ಅಂಗಳದಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಅಪ್ಪ ಕಟ್ಟೆಯ ಮೇಲೆ. ಹೊಸ್ತಿಲಿನ ಮುಂದೆ, ಒಳಗೆ ಹೋಗುವ ದಾರಿಗೆ ಅಡ್ಡವಾಗಿ, ಸಲಿಕೆ ನಿಂತಿತ್ತು. ಸಗಣಿ ಸಾರಿಸಿದ ನೆಲಕ್ಕೆ ಅರ್ಧ ಅಲಗು ಇಳಿಯುವ ಹಾಗೆ ಹೊಡೆದಿದ್ದ. ಪಕ್ಕದಲ್ಲಿ ಅಣ್ಣ ಮಂಡಿ ಮೇಲೆ ಕೈಯಿಟ್ಟು ಕೂತಿದ್ದ.

"ಸಲಿಕಿ ನಿಂತೈತಿ" ಅಂದ. "ನಾನು ಕೀಳೋತನಕ ಈ ಮನಿಯಿಂದ ಯಾರೂ ಎಲ್ಲಿಗೂ ಹೋಗಂಗಿಲ್ಲ. ಆ ಬುಕ್ಕು ಎಲ್ಲಿಟ್ಟೀನಿ ಅಂತ ಕೇಳಬ್ಯಾಡ."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ತನ್ನ ಅರ್ಧ ಕಿವಿಯ ಪಕ್ಕವನ್ನೇ ನನ್ನ ಕಡೆ ಮಾಡಿ ಕೂತಿದ್ದ. ಸಲಿಕೆ ನಿಂತ ಮೇಲೆ ಮಾತಿಲ್ಲ, ಅದು ಅವನು ಕಂಡ ನ್ಯಾಯ. ಸಂಡೂರಿನಲ್ಲಿ ಎಷ್ಟು ಜನರ ರಕ್ತ ಒರೆಸಿದ್ದೆ, ಎಷ್ಟು ರಾತ್ರಿ ಓದಿದ್ದೆ. ಎಲ್ಲವನ್ನೂ ಒಂದು ಕಬ್ಬಿಣದ ತುಂಡು ಅಡ್ಡ ನಿಂತು ಬೇಡ ಅನ್ನುತ್ತಿತ್ತು.

ಹೋಗಿ ಸಲಿಕೆಯ ಕಾವು ಹಿಡಿದು ಕಿತ್ತೆ.

ನಾನು ಅದನ್ನು ಬೀಸಿ ಒಗೆಯುವ ಮೊದಲೇ ಅಣ್ಣ ಕಸಿದುಕೊಂಡ. ತಿರುಗಿಸಿ ಮರದ ಕಾವಿನಿಂದ ಹೊಡೆದ. ತಲೆಗೆ ಬರುತ್ತಿದ್ದದ್ದಕ್ಕೆ ಎಡಗೈ ಅಡ್ಡ ಹಿಡಿದೆ. ಮಣಿಕಟ್ಟಿನಲ್ಲಿ ಒಣ ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ನೋವು ಬರುವ ಮುಂಚೆ ಅವನ ಮೇಲೆ ಬಿದ್ದು ತೋಳಿಗೆ ಬಾಯಿ ಹಾಕಿದೆ. ನನ್ನ ಹಲ್ಲು ಇಳಿದದ್ದು ಗೊತ್ತಾಯಿತು, ಉಪ್ಪು ರುಚಿಯೂ ಗೊತ್ತಾಯಿತು. ಕೂದಲು ಹಿಡಿದು ನನ್ನನ್ನು ಬಿಡಿಸಿ ನೆಲಕ್ಕೆ ಕೆಡವಿ ಮತ್ತೆ ಸಲಿಕೆ ಎತ್ತಿದ. ಈ ಸಲ ಅಲಗು ಕೆಳಗಿತ್ತು.

ಎತ್ತಿದ ಕೈ ಹಾಗೆಯೇ ನಿಂತಿತು. ಅವನ ಹಿಂದೆ ಅವ್ವ ಒನಕೆ ಹಿಡಿದು ನಿಂತಿದ್ದಳು. ಒನಕೆಯ ತುದಿಯ ಕಬ್ಬಿಣದ ಬಳೆ ಅವನ ತಲೆಗೆ ಬಿದ್ದಿತ್ತು. ಅಣ್ಣ ಮೊದಲು ಮಂಡಿಯೂರಿದ, ಆಮೇಲೆ ಮಗ್ಗುಲಾದ. ಮರುಕ್ಷಣ ಕಟುಕರ ಕೈಗೆ ಸಿಕ್ಕ ಕೋಣದ ಹಾಗೆ ಒರಲಿದ. ಒನಕೆಗೆ ಮೆತ್ತಿದ್ದ ಖಾರವೆಲ್ಲ ಗಾಯದೊಳಗೆ ಇಳಿದಿತ್ತು.

"ಇಬ್ಬರನ್ನೂ ಹಡೆದಾಕಿ ನಾನು" ಅಂದಳು ಅವ್ವ. ಧ್ವನಿ ಏರಿರಲಿಲ್ಲ. "ಸಾಯಿಸೋದಿದ್ರ ನಾನು ಸಾಯಿಸ್ತೀನಿ. ನೀವ್ಯಾರು?"

ಆಮೇಲಿನದು ನನ್ನ ಕೆಲಸ. ಬಿದಿರಿನ ಸೀಳು ಇಟ್ಟು ಹಳೆಯ ಸೀರೆಯ ತುಂಡಿನಿಂದ ಮಣಿಕಟ್ಟು ಕಟ್ಟಿಸಿಕೊಂಡೆ. ಅಣ್ಣನ ತಲೆ ಒಂದು ಗೇಣಿನಷ್ಟು ಒಡೆದಿತ್ತು. ಬಿಂದಿಗೆಗಟ್ಟಲೆ ನೀರು ಹೊಯ್ದು ಖಾರ ತೊಳೆದೆ. ಊರಿನ ಪೈಲ್ವಾನ ಅನ್ನಿಸಿಕೊಂಡವನು ನೆಲಕ್ಕೆ ಅಂಗೈ ಬಡಿದು ಅಳುತ್ತಿದ್ದ. ಮರಗಟ್ಟಿಸುವ ಔಷಧಿ ಇರಲಿಲ್ಲ. ಇದ್ದರೂ ಕೊಡುತ್ತಿದ್ದೆನೋ ಇಲ್ಲವೋ. ಬಲಗೈಯಲ್ಲಿ ಸೂಜಿ ಹಿಡಿಯಬಲ್ಲೆ, ಗಾಯದ ಅಂಚು ಕೂಡಿಸಿ ಹಿಡಿಯಲು ಇನ್ನೊಂದು ಕೈ ಬೇಕು. ಅವ್ವನ ಕೈ ತುಂಬ ಖಾರ.

"ಅಪ್ಪ, ಬಾ ಇಲ್ಲಿ" ಅಂದೆ. "ಹಿಡಿ ಇದನ್ನ."

ಅಪ್ಪ ಕಟ್ಟೆ ಇಳಿದು ಬಂದ. ಕೈ ತೊಳೆಸಿದೆ. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ತೋರಿಸಿದ ಕಡೆ ಎರಡು ಬೆರಳಿನಿಂದ ಚರ್ಮ ಒತ್ತಿ ಹಿಡಿದ. ಬದುವಿನ ತೂತು ಮುಚ್ಚಿ ಅಭ್ಯಾಸವಿದ್ದ ಬೆರಳು, ಅಲುಗಲಿಲ್ಲ.

ಮೊದಲ ಹೊಲಿಗೆ ಬಿದ್ದ ಮೇಲೆ ಅಣ್ಣ ಹಲ್ಲು ಕಚ್ಚಿ ಕೇಳಿದ. "ಅವನು ಹೇಳಿದ್ನಲ್ಲ, ಮನಿ ಡ್ರೈವರ್ ವೀಸಾ. ಹಂಗಂದ್ರೇನು?"

ಅಂಥ ಹೊತ್ತಿನಲ್ಲಿ ಈ ಪ್ರಶ್ನೆ. ನನಗೆ ನಗು ಬಂತು, ಅಳುವೂ ಬಂತು. ಆದರೆ ಸಂಡೂರಿನ ಆಸ್ಪತ್ರೆಯಲ್ಲಿ ಗಲ್ಫಿಗೆ ಹೋಗಿ ಬಂದವರು ಎಷ್ಟೋ ಜನ ನನ್ನ ಕೈಯಲ್ಲಿ ಹೊಲಿಸಿಕೊಂಡಿದ್ದರು. ಕೇಳಿ ಕೇಳಿ ತಿಳಿದುಕೊಂಡಿದ್ದೆ.

"ಒಬ್ಬ ಧಣಿ ಮನ್ಯಾಗ ಅವನ ಕಾರ್ ಓಡಸೋದು" ಅಂದೆ. "ನಿನ್ನ ಪಾಸ್‌ಪೋರ್ಟ್ ಅವನ ಪೆಟ್ಟಿಗ್ಯಾಗ ಇರ್ತೈತಿ. ಅವನು ಬಿಟ್ರ ಊರಿಗೆ ಬರಬೇಕು. ಬ್ಯಾರೆ ಕಡೆ ದುಡಿಯಂಗಿಲ್ಲ. ಇವತ್ತು ನನ್ನ ಮ್ಯಾಲೆ ಎತ್ತಿದಂಗ ಅಲ್ಲಿ ಕೈ ಎತ್ತಿದ್ರ ಸೀದಾ ಜೈಲು."

"ಕಂಪನೀದು?"

"ಹತ್ತಾರು ಮಂದಿ ಒಂದು ರೂಮಿನ್ಯಾಗ. ರೋಡು ಮಾಡೋದು, ಮಣ್ಣು ತಳ್ಳೋ ಮಷಿನ್ ಓಡಸೋದು. ಲೈಸನ್ಸ್ ಬೇಕು, ಪರೀಕ್ಷಾ ಮಾಡ್ತಾರ. ಬಂದವನು ಆ ಕಂಪನಿಗೇ ದುಡೀಬೇಕು. ನಿನಗೆ ಆಗೋದಿದ್ರ ಇದೊಂದು ಆದೀತು. ಮೊದಲು ನಿನ್ನ ಹೆಸರಿನ್ಯಾಗ ಪಾಸ್‌ಪೋರ್ಟ್ ಮಾಡಸು."

ದಾರ ಎಳೆಯುವಾಗ ಬೇಕಾದ್ದಕ್ಕಿಂತ ತುಸು ಬಿಗಿಯಾಗಿಯೇ ಎಳೆದೆ.

"ಆಜಾದ್ ಅಂತೈತಲ್ಲ, ಅದು ಚಲೋ ಇರಬೇಕು" ಅಂದ ಅಣ್ಣ.

"ಹೆಸರಿಗೆ ಆಜಾದ್. ಒಬ್ಬ ತನ್ನ ಹೆಸರು ಕೊಡ್ತಾನ, ಕೆಲಸ ಕೊಡಂಗಿಲ್ಲ. ನೀನು ಕಂಡ ಕಂಡಲ್ಲಿ ದುಡೀಬೇಕು. ಪೊಲೀಸ್ರು ಹಿಡಿದ್ರ ಹೆಸರು ಕೊಟ್ಟವನು ನಿನ್ನ ಗುರ್ತೇ ಇಲ್ಲ ಅಂತಾನ. ಇನ್ನ ನೋಡಾಕ ಹೋಗೋ ವೀಸಾ ಒಂದೈತಿ. ಅದರಾಗ ಹೋಗಿ ಉಳಕೊಂಡ್ರ ಏನಾಗ್ತೈತಿ ಅಂತ ನೀನೇ ನೋಡೀದಿ. ಹಂಪ್ಯಾಗ ಆ ಕೆಂಪು ಗಡ್ಡದವನ ವೀಸಾ ಮುಗಿದಿತ್ತು. ಬಜಾರದಾಗ ಎಳಕೊಂಡು ಹೋಗಲಿಲ್ಲೇನು?"

ಅಣ್ಣನಿಗೆ ನೆನಪಿತ್ತು. ಆ ದಿನ ಟ್ರ್ಯಾಕ್ಟರ್ ನಿಲ್ಲಿಸಿ ನೋಡಿದ್ದು ಅವನೇ. ಗುಡಿಯ ಮುಂದಿನ ಕಲ್ಲಿನ ಮೇಲೆ ಪೊಲೀಸರು ಆ ಬಿಳಿಯನನ್ನು ಅಂಗಿ ಹಿಡಿದು ದರದರ ಎಳೆದುಕೊಂಡು ಹೋದರೆಂದು, ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತೆಂದು ಮನೆಗೆ ಬಂದು ನಗುತ್ತ ಹೇಳಿದ್ದ. ಈಗ ನಗಲಿಲ್ಲ.

ಇನ್ನೊಂದು ಹೊಲಿಗೆ ಬಿದ್ದ ಮೇಲೆ ಕೇಳಿದ. "ನಿಂದು?"

"ನಂದು ಆಸ್ಪತ್ರಿದು. ನನ್ನ ಹೆಸರು, ನನ್ನ ಮಾರಿ, ನನ್ನ ಕೆಲಸ. ಇಂಥಾ ತಾರೀಕಿನೊಳಗ ನಾನು ಆ ನೆಲ ಮುಟ್ಟಬೇಕು."

"ನೀನು ಹೋಗಲಿಲ್ಲ ಅಂದ್ರ ಯಾರಿಗೆ ಹೋಗ್ತೈತಿ?"

"ಯಾರಿಗೂ ಇಲ್ಲ."

"ಮನ್ಯಾಗ ಇನ್ನೊಬ್ಬರಿಗೆ?"

"ಯಾರಿಗೂ ಇಲ್ಲ ಅಂದೆ ನೋಡು. ಹೊಳಿಗೆ ಬಿದ್ದ ನೀರು."

ಅಷ್ಟು ಹೊತ್ತು ಅಲುಗದಿದ್ದ ಅಪ್ಪನ ಬೆರಳು ಅಲುಗಿತು. ಕಾಲುವೆಯ ಕೊನೆಯವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ನೀರನ್ನು ಪಕ್ಕದವನು ಕದ್ದರೆ ಬಡಿದಾಡಬಹುದು, ಮತ್ತೆ ಕಿತ್ತುಕೊಳ್ಳಬಹುದು. ಯಾರ ಬಾಯಿಗೂ ಇಲ್ಲದೆ ಹೊಳೆಗೆ ಹೋದರೆ ಅದು ಪಾಪ. ಹಾಗೆ ಬಿಡುವವರ ಮನೆಯಿಂದ ಹೆಣ್ಣು ತರಬಾರದು ಎಂದು ನಮ್ಮ ಅಜ್ಜ ಹೇಳುತ್ತಿದ್ದನಂತೆ.

"ಹೊಳಿಗೆ ಬಿಡಬಾರದು" ಅಂದ ಅಪ್ಪ.

ನಾನು ಕೊನೆಯ ಗಂಟು ಹಾಕಿ ದಾರ ಕತ್ತರಿಸಿದೆ. ಅಣ್ಣ ಕಣ್ಣು ಮುಚ್ಚಿಕೊಂಡೇ ಹೇಳಿದ: "ಭತ್ತದ ಕಣಜದಾಗ ಐತಿ. ಎಡಕ್ಕ."

ತಪ್ಪಾಯಿತು ಅನ್ನುವ ಮಾತು ನಮ್ಮ ಮನೆಯಲ್ಲಿ ಯಾರ ನಾಲಿಗೆಗೂ ಬರುವುದಿಲ್ಲ. ನನಗೂ ಅದು ಬೇಕಾಗಿರಲಿಲ್ಲ. ನನ್ನ ಸಿಟ್ಟು ಅಂದು ಇಳಿದಿರಲಿಲ್ಲ, ಇಂದಿಗೂ ಪೂರ್ತಿ ಇಳಿದಿಲ್ಲ. ಥಂಡಿಗಾಲದಲ್ಲಿ ಮಣಿಕಟ್ಟು ನೋಯುವಾಗ ಅವನನ್ನು ಬೈಯುತ್ತೇನೆ.

ಆಮೇಲೆ ಆಸ್ಪತ್ರೆಯಲ್ಲಿ ಕೈಗೆ ಹಾಕಿಸಿಕೊಂಡ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ವೀಸಾದ ಗಡುವು ಹತ್ತಿರ ಬಂದಿತ್ತು. ಹೊರಡುವ ದಿನ ಬೆಳಿಗ್ಗೆ ಊರ ಮುಂದಿನ ಬೇವಿನ ಮರದ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆವು. ಅಪ್ಪ ಗದ್ದೆಗೆ ಹೊರಟವನ ಹಾಗೆ ಸಲಿಕೆ ಹೆಗಲ ಮೇಲಿಟ್ಟುಕೊಂಡೇ ಬಂದಿದ್ದ. ಬಸ್ಸು ಬಂದು ನಿಂತಿತು. ಅದೇ ಹೊತ್ತಿಗೆ ದೊಡ್ಡಪ್ಪ ಬಂದ, ಹಿಂದೆ ಅವನ ಮಕ್ಕಳು, ಕೈಯಲ್ಲಿ ಬಡಿಗೆ.

ದೊಡ್ಡಪ್ಪ ನನ್ನ ಟ್ರಂಕಿನ ಮೇಲೆ ಕಾಲಿಟ್ಟ. "ಮದುವಿ ಇಲ್ಲದ ಹೆಣ್ಮಗಳನ್ನ ಸಮುದ್ರ ದಾಟಸ್ತೀರೇನು?" ಅಂದ. "ನಮ್ಮ ಮನಿ ಹೆಸರು ಇನ್ನೂ ಉಳಿದೈತಿ. ನಡೀ ಹಿಂದಕ್ಕ." ಎರಡು ಬೆರಳಿಲ್ಲದ ಕೈಯಿಂದ ನನ್ನ ಎಡ ಮಣಿಕಟ್ಟು ಹಿಡಿದ, ಆಗಷ್ಟೇ ಮೂಳೆ ಕೂಡಿದ್ದ ಕಡೆಯೇ. ನನ್ನ ಕಣ್ಣಿಗೆ ಕತ್ತಲೆ ಬಂತು.

ಅಪ್ಪ ಮುಂದೆ ಬಂದ. ಸಲಿಕೆ ಎತ್ತಿ, ಬಸ್ಸಿನ ಬಾಗಿಲಿಗೂ ದೊಡ್ಡಪ್ಪನಿಗೂ ನಡುವೆ ಇದ್ದ ಮಣ್ಣಿಗೆ ಒಂದೇ ಏಟಿಗೆ ಹೊಡೆದು ನಿಲ್ಲಿಸಿದ. ಅಲಗು ದೊಡ್ಡಪ್ಪನ ಕಾಲಿನ ಹತ್ತಿರವೇ ಇಳಿಯಿತು.

"ಪಾಳಿ ಆಕೀದು" ಅಂದ. "ಕೀಳೋರು ಯಾರದೀರಿ, ಬರ್ರಿ."

ದೊಡ್ಡಪ್ಪ ಸಲಿಕೆ ನೋಡಿದ, ಅಪ್ಪನ ಕಿವಿ ನೋಡಿದ. ನನ್ನ ಕೈ ಬಿಟ್ಟ. ಅಣ್ಣ ಅವನ ಕಾಲ ಕೆಳಗಿನಿಂದ ಟ್ರಂಕು ಎಳೆದುಕೊಂಡು, ಹೊಲಿಗೆಯ ಗೆರೆ ಕಾಣುತ್ತಿದ್ದ ತಲೆಯನ್ನು ತಪ್ಪಿಸಿ ಹೆಗಲ ಮೇಲೆ ಹೊತ್ತು ಬಸ್ಸಿನ ಮೇಲೆ ಹಾಕಿದ. ನಾನು ಹತ್ತಿದೆ. ತಿರುವಿನ ತನಕ ಕಿಟಕಿಯಿಂದ ನೋಡಿದೆ. ಅಪ್ಪ ಕಾವಿನ ಮೇಲೆ ಕೈಯಿಟ್ಟು ನಿಂತೇ ಇದ್ದ.

ಆ ಸಲಿಕೆಯನ್ನು ಅವನು ಅಂದು ಕೀಳಲಿಲ್ಲ. ನಾನು ತಲುಪಿದೆನೆಂಬ ತಂತಿ ಊರಿಗೆ ಬರುವ ತನಕ ಅದು ಬೇವಿನ ಮರದ ಹತ್ತಿರ ಹಾಗೆಯೇ ನಿಂತಿತ್ತಂತೆ. ಯಾರೂ ಮುಟ್ಟಲಿಲ್ಲವಂತೆ, ಬಸ್ಸಿನವರೂ ಅದನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದರಂತೆ. ನಡುವೆ ನಮ್ಮ ಗದ್ದೆಗೆ ನೀರಿನ ಪಾಳಿ ಬಂದಾಗ ಅಪ್ಪ ಪಕ್ಕದ ಮನೆಗೆ ಹೋಗಿ ಸಲಿಕೆ ಕೇಳಿ ತಂದನೆಂದು ಅವ್ವ ಹೇಳಿದಳು.